ಜ್ವರ ಬಿಟ್ಟ ಮೇಲಿನ ಏಳು ದಿನ

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಉಂಟು. ಯಾರಿಗಾದರೂ ಮೈಕೈ ನೋವಿನೊಡನೆ ಶೀತಜ್ವರವು ಬಂದು ಇಳಿದರೆ, ಇಳಿದ ದಿವಸದಿಂದ ಏಳು ದಿನಗಳವರೆಗೆ ಅವರು ಹೊಸ್ತಿಲನ್ನು ದಾಟಕೂಡದು. ಅಂಗಡಿಯೂ ಇಲ್ಲ, ಶಾಲೆಯೂ ಇಲ್ಲ, ಮದುವೆಯ ಊಟವೂ ಇಲ್ಲ. ಬೆಳಗು ಬೈಗು ಯಾರಾದರೊಬ್ಬರು ಹತ್ತಿರ ಕುಳಿತು ಅವರ ಉಸಿರನ್ನು ಎಣಿಸಬೇಕು. ಇದನ್ನು ಕಂಡು ನಂಟರು ನಗುವರು. “ಜ್ವರ ಇದ್ದಾಗ ಮಲಗೋದು ಖರೆ, ಜ್ವರ ಬಿಟ್ಟ ಮ್ಯಾಲ ಮಲಗೋ ಮನಿ ನಿಮ್ಮದೊಂದೇ ನೋಡ್ರಿ” ಎಂದು ನಮ್ಮ ಬೀಗರೊಬ್ಬರು ಪಂಕ್ತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದುಂಟು. ನಾನೂ ನಕ್ಕೆನು. ನನ್ನ ಎಡಗಡೆಗೆ ಕುಳಿತಿದ್ದ ನನ್ನ ತಮ್ಮನು ಮಾತ್ರ ತಲೆಯೆತ್ತದೆ ಊಟ ಮಾಡುತ್ತಿದ್ದನು.

ಈ ಕಟ್ಟುಪಾಡನ್ನು ಮೊದಲು ಹಾಕಿದವಳು ನಮ್ಮ ಅಜ್ಜಿ. ಅವಳ ತವರು ಕಮಲಾಪುರದ ಕಡೆಯ ಒಂದು ಸಣ್ಣ ಹಳ್ಳಿ. 1918ನೆಯ ಇಸವಿಯಲ್ಲಿ ಅವಳು ಹತ್ತು ವರ್ಷದ ಹುಡುಗಿ. ಆ ವರ್ಷ ಮಳೆಯು ಕೈಬಿಟ್ಟಿತ್ತು. ಕಾಳಿನ ಧಾರಣೆ ಏರಿತ್ತು. ಮೊದಲನೆಯ ಮಹಾಯುದ್ಧವು ಇನ್ನೂ ಮುಗಿದಿರಲಿಲ್ಲ. ಜೂನ್ ತಿಂಗಳಿನಲ್ಲಿ ಮುಂಬಯಿಯ ಬಂದರದಲ್ಲಿ ತೋರಿದ ಇನ್‌ಫ್ಲುಯೆಂಜಾ ಜ್ವರವು ಮೊದಲು ಸೌಮ್ಯವಾಗಿಯೇ ಇದ್ದು, ಸಪ್ಟೆಂಬರದ ಹೊತ್ತಿಗೆ ಉಗ್ರರೂಪವನ್ನು ತಾಳಿ, ರೈಲಿನ ಹಳಿಗಳ ಗುಂಟ ಒಳನಾಡಿಗೆ ಹರಿಯಿತು. ಮುಂಬಯಿಯಿಂದ ರಾಯಚೂರಿಗೆ ಹೋಗುವ ಆ ಹಾದಿಯ ಮೇಲೆಯೇ ನಮ್ಮ ಊರೂ ಇರುವುದು. ಇಂಡಿಯಾ ದೇಶದಲ್ಲಿ ಆ ಒಂದು ಬೇನೆಯಿಂದ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಇರಬಹುದೆಂದು ತಿಳಿದವರು ಲೆಕ್ಕ ಕಟ್ಟಿರುವರು. ಗುಲಬರ್ಗಾ ಜಿಲ್ಲೆಯು ಆಗ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಜನಸಂಖ್ಯೆಯು 1911ರ ಖಾನೇಸುಮಾರಿಯಲ್ಲಿ 1 ಕೋಟಿ 33 ಲಕ್ಷಕ್ಕೆ ಮೇಲ್ಪಟ್ಟು ಇದ್ದುದು, 1921ರಲ್ಲಿ 1 ಕೋಟಿ 24 ಲಕ್ಷದ ಸುಮಾರಿಗೆ ಇಳಿಯಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲರೂ ಸೇರಿದ ಮೇಲೆಯೂ ಇಷ್ಟು ಕಡಿಮೆ! ಬರಗಾಲ, ಪ್ಲೇಗು ಇವುಗಳ ಪಾಲೂ ಅದರಲ್ಲಿರುವುದಾದರೂ, ಹಿರಿಯ ಪಾಲು ಈ ಜ್ವರದ್ದೇ.

ಅಜ್ಜಿಗೆ ಈ ಅಂಕಿಗಳು ಯಾವುವೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದುದು ಅವಳ ತಾಯಿಯ ಸಂಗತಿಯೊಂದೇ. ತಾಯಿಗೆ ಮೂರು ದಿವಸ ಮೈ ಸುಟ್ಟುಹೋಗುವಂತಹ ಜ್ವರ. ನಾಲ್ಕನೆಯ ದಿವಸ ಬೆವರು ಬಿಟ್ಟು ಮೈ ತಣ್ಣಗಾಯಿತು. ಮನೆಯವರೆಲ್ಲರೂ ಗಂಡಾಂತರವು ಕಳೆಯಿತೆಂದುಕೊಂಡರು. ಅವಳು ಎದ್ದು, ತಲೆಗೆ ಎರೆದುಕೊಂಡು, ಕೊಡವನ್ನು ಹೊತ್ತು ದೂರದ ಬಾವಿಗೆ ಹೋದಳು. ಬರಗಾಲವಾದುದರಿಂದ ಹತ್ತಿರದ ಬಾವಿ ಬತ್ತಿತ್ತು. ಆರನೆಯ ದಿವಸ ಚಳಿ ನಡುಗಿಸಿ ಜ್ವರವು ತಿರುಗಿ ಬಂದಿತು. ಪಕ್ಕೆಯಲ್ಲಿ ಚುಚ್ಚಿದಂತೆ ನೋವು. ಕಫದಲ್ಲಿ ತುಕ್ಕಿನ ಬಣ್ಣ. ತುಟಿಗಳು ನೇರಳೆಯ ಹಣ್ಣಿನಂತಾದುವು. ಎಂಟನೆಯ ದಿವಸ ಅವಳಿಲ್ಲ. “ಮೊದಲಿನ ಜ್ವರ ಕದಾ ಮುರಿತದ, ಎರಡನೆಯದು ಒಳಗ ಬರ್ತದ. ಕದಾ ಕೂಡೋತನಕ ಕಾಯ್ಬೇಕು” ಎಂದು ಅಜ್ಜಿಯು ಹೇಳುತ್ತಿದ್ದಳು. 1986ರಲ್ಲಿ ಅವಳು ತೀರಿಕೊಂಡಳು; ಅವಳೊಡನೆ ಆ ಕಟ್ಟುಪಾಡೂ ಹೋಯಿತು. ವ್ಯಾಪಾರಸ್ಥರ ಮನೆಯಲ್ಲಿ ಏಳು ದಿನ ಸುಮ್ಮನೆ ಕೂಡುವುದೆಂದರೆ ಸಣ್ಣ ಮಾತೇ?

ಕಲಬುರಗಿಯ ನೆಹರೂ ಗಂಜನ್ನು ನೋಡದವರಿಗೆ ಎರಡು ಮಾತು ಹೇಳುವೆನು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವರು. ಆ ಕಣಜದ ಬಾಯಿ ಈ ಗಂಜ್. ಡಿಸೆಂಬರದಲ್ಲಿ ಹೊಸ ತೊಗರಿಯ ಆವಕವು ಆರಂಭವಾದರೆ, ಹಗಲು ರಾತ್ರಿಗಳ ಭೇದವಿಲ್ಲ. ಗಾಡಿಗಳು, ಟ್ರ್ಯಾಕ್ಟರುಗಳು, ಲಾರಿಗಳು. ರಾಶಿಗಳ ಮುಂದೆ ಕೈಯಲ್ಲಿ ಕಾಳು ಹಿಡಿದು ನೋಡುವ ಖರೀದಿದಾರರು. ಬೆನ್ನ ಮೇಲೆ ಚೀಲ ಹೊತ್ತು ಓಡುವ ಹಮಾಲರು. ಕಾಟಾದ ಬಳಿ ಕುಳಿತು ಪಟ್ಟಿಗಾಗಿ ಕಾಯುವ ರೈತರು. ಇವೆಲ್ಲವುಗಳ ಮೇಲೆ ಹೊಟ್ಟು ಧೂಳಿಗಳ ಒಂದು ಹಳದಿ ಮಬ್ಬು. ಸೀಸನ್ನಿನಲ್ಲಿ ಗಂಜಿನೊಳಗೆ ಕೆಮ್ಮದವನೇ ಇಲ್ಲ. ಆದುದರಿಂದಲೇ ಅಲ್ಲಿ ಕೆಮ್ಮಿಗೆ ಬೆಲೆಯೂ ಇಲ್ಲ.

ಅಲ್ಲಿ ನಮ್ಮದೊಂದು ಅಡತಿಯ ಅಂಗಡಿ. 2009ರಲ್ಲಿ ನನಗೆ ನಾಲ್ವತ್ತೆರಡು. ನನ್ನ ತಮ್ಮನಿಗೆ ಮೂವತ್ತೊಂದು. ಲೆಕ್ಕಪತ್ರಗಳೆಲ್ಲವೂ ಅವನ ಕೈಯಲ್ಲಿ. ಅವನ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ. ಕಿರ್ದಿಯನ್ನು ನೋಡಲೆಂದೇ ಅಕ್ಕಪಕ್ಕದ ಅಂಗಡಿಯವರು ಬರುತ್ತಿದ್ದರು.

ಅದೇ ವರ್ಷ ಜೂನ್ 11ನೆಯ ತಾರೀಖು ಜಗತ್ತಿನ ಆರೋಗ್ಯ ಸಂಸ್ಥೆಯು ಹೊಸ ಇನ್‌ಫ್ಲುಯೆಂಜಾವು ವಿಶ್ವವ್ಯಾಪಿಯಾಗಿದೆಯೆಂದು ಸಾರಿತ್ತು. ಆಗಸ್ಟಿನಲ್ಲಿ ಪುಣೆಯಲ್ಲಿ ದೇಶದ ಮೊದಲನೆಯ ಸಾವು ಆಯಿತು. ಅದೇ ತಿಂಗಳು ಬೆಂಗಳೂರಿನಲ್ಲಿಯೂ ಆಯಿತು. ಜನರು ಅದಕ್ಕೆ ಹಂದಿಜ್ವರವೆಂದು ಹೆಸರಿಟ್ಟು, ಕೆಲವು ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದರು. ನಮ್ಮ ಗಂಜಿನಲ್ಲಿ ದಸರೆಯ ಹೊತ್ತಿಗೆ ಅದು ಮರೆತ ಮಾತು. ಹಂದಿಯ ಹೆಸರಿದ್ದುದರಿಂದ ಅದು ತಮಗೆ ಸಂಬಂಧಪಟ್ಟುದಲ್ಲವೆಂದು ತಿಳಿದವರೂ ಇದ್ದರು. ಹೆಸರುಗಳು ಮಾಡುವ ಹಾನಿ ಸಣ್ಣದಲ್ಲ.

ಡಿಸೆಂಬರದ ನಡುವಿನ ಒಂದು ಸೋಮವಾರ ತಮ್ಮನಿಗೆ ಜ್ವರ ಬಂದಿತು. ಗಂಟಲು ನೋವು, ಒಣಕೆಮ್ಮು, ಎಲುಬು ಮುರಿದಂತಹ ಮೈಕೈ ನೋವು. ಮೂರು ದಿವಸ ಮಲಗಿದನು. ಗುರುವಾರ ಬೆಳಿಗ್ಗೆ ಜ್ವರವಿಲ್ಲ. ನಾನು ಅಂಗಡಿಯಿಂದ ಫೋನು ಮಾಡಿ, “ಆರಾಮ ಆಗಿದ್ದರ ಒಂದು ತಾಸು ಬಂದು ಹೋಗು, ರೈತರು ಪಟ್ಟಿಗೆ ಕುಂತಾರ” ಎಂದೆನು. “ಬರ್ತೀನಿ ಅಣ್ಣಾ” ಎಂದನು. ಒಂದು ತಾಸಿಗೆಂದು ಬಂದವನು ರಾತ್ರಿ ಒಂಬತ್ತರವರೆಗೆ ಕುಳಿತನು. ಅಂದು ನೂರಾರು ಚೀಲಗಳ ಲೆಕ್ಕವನ್ನು ಅವನೊಬ್ಬನೇ ಬರೆದು ಮುಗಿಸಿದನು. ನನಗೆ ಸಂತೋಷವಾಯಿತು.

ಶುಕ್ರವಾರ ರಾತ್ರಿ ಅವನಿಗೆ ಹಲ್ಲು ಕಟಕಟಿಸುವ ಚಳಿ ಬಂದಿತು. ಶನಿವಾರ ಬೆಳಿಗ್ಗೆ ಓಣಿಯ ಡಾಕ್ಟರರು ಬಂದು ಎದೆಗೆ ನಳಿಗೆಯಿಟ್ಟು ಕೇಳಿ, “ಬಲಗಡೆ ತಳದಾಗ ಸಪ್ಪಳ ಸರಿ ಇಲ್ಲ. ಇವತ್ತೇ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ, ಎದಿ ಎಕ್ಸ್‌ರೇ ಆಗಬೇಕು” ಎಂದು ಸ್ಪಷ್ಟವಾಗಿ ಹೇಳಿದರು. ಅವರ ಮೇಲೆ ಯಾವ ದೋಷವನ್ನೂ ಹೊರಿಸಲಾರೆನು. ಅಂದು ನಮ್ಮ ಅಂಗಡಿಗೆ ಎರಡು ಲಾರಿ ಮಾಲು ಬಂದಿತ್ತು. ಸವಾಲು ಮುಗಿಸಿ ಹೋಗೋಣವೆಂದೆನು; ಸವಾಲು ಮುಗಿಯುವಷ್ಟರಲ್ಲಿ ಸಂಜೆಯಾಯಿತು; ಸಂಜೆಗೆ ಅವನು ನಿದ್ದೆ ಹೋಗಿದ್ದನು; ನಿದ್ದೆ ಬಂದುದು ಒಳ್ಳೆಯದೆಂದೆನು. ಅದು ನಿದ್ದೆಯಲ್ಲ, ಮಂಪರು. ರವಿವಾರ ಮಧ್ಯಾಹ್ನ ನಮ್ಮ ತಾಯಿಯು, “ಯಪ್ಪಾ, ಇವನ ಉಸಿರು ನೋಡೋ, ನಾಯಿ ತೇಕಿದಂಗ ತೇಕ್ತಾನ” ಎಂದು ಕೂಗಿಕೊಂಡಾಗ ನನಗೆ ಎಚ್ಚರವಾಯಿತು. ಶನಿವಾರದ ಬೆಳಗಿನಿಂದ ರವಿವಾರದ ಮಧ್ಯಾಹ್ನದವರೆಗೆ, ಮೂವತ್ತು ತಾಸುಗಳಿಗೆ ಸ್ವಲ್ಪ ಕಡಿಮೆ. ಅದನ್ನು ನಾನು ಎಷ್ಟು ಸಲ ಎಣಿಸಿರುವೆನೋ ಹೇಳಲಾರೆನು.

ದವಾಖಾನೆಯಲ್ಲಿ ಬೆರಳಿಗೆ ಚಿಮುಟಿಯಂತಹ ಯಂತ್ರವನ್ನು ಸಿಕ್ಕಿಸಿದರು. 95ಕ್ಕೆ ಕಡಿಮೆಯಿರಬಾರದ ರಕ್ತದ ಪ್ರಾಣವಾಯುವು 78ಕ್ಕೆ ಇಳಿದಿತ್ತು. ಎಕ್ಸ್‌ರೇ ಚಿತ್ರದಲ್ಲಿ ಕಪ್ಪಾಗಿರಬೇಕಾದ ಪುಪ್ಪುಸಗಳು, ಬಲಗಡೆಯದು ಮುಕ್ಕಾಲು, ಎಡಗಡೆಯದು ಕಾಲು ಭಾಗ, ಸುಣ್ಣ ಬಳಿದಂತೆ ಬೆಳ್ಳಗಿದ್ದುವು. ಬೇರೆ ಕೋಣೆಯಲ್ಲಿಟ್ಟು, ಗಂಟಲಿನ ದ್ರವವನ್ನು ಪರೀಕ್ಷೆಗೆ ಕಳುಹಿ, ಉತ್ತರಕ್ಕೆ ಕಾಯದೆ ಅದೇ ರಾತ್ರಿ ಟ್ಯಾಮಿಫ್ಲೂ ಔಷಧವನ್ನೂ ರೋಗಾಣುಗಳನ್ನು ಕೊಲ್ಲುವ ಇಂಜೆಕ್ಷನ್ನುಗಳನ್ನೂ ಒಟ್ಟಿಗೆ ಆರಂಭಿಸಿದರು. ಮರುದಿವಸ ಗಂಟಲೊಳಗೆ ನಳಿಗೆಯನ್ನಿಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಆರು ದಿವಸ ಆ ಯಂತ್ರವೇ ಅವನಿಗಾಗಿ ಉಸಿರಾಡಿತು.

ಅಲ್ಲಿಯ ತರುಣ ವೈದ್ಯರೊಬ್ಬರು ಒಂದು ರಾತ್ರಿ ಪಡಸಾಲೆಯಲ್ಲಿ ನನ್ನ ಪಕ್ಕಕ್ಕೆ ಕುಳಿತು ಈ ಬೇನೆಯ ಬಗೆಯನ್ನು ತಿಳಿಸಿಕೊಟ್ಟರು. ಅವರು ಹೇಳಿದುದನ್ನೂ ಮುಂದೆ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುವೆನು. ನಮ್ಮ ಶ್ವಾಸನಾಳದ ಒಳಮೈಗೆ ಮಖಮಲ್ಲಿನಂತಹ ಅತಿ ಸಣ್ಣ ರೋಮಗಳಿರುವುವು. ಧೂಳನ್ನೂ ರೋಗಾಣುಗಳನ್ನೂ ಅವು ಎಡೆಬಿಡದೆ ಮೇಲಕ್ಕೆ ಗುಡಿಸುತ್ತಿರುವುವು. ಇನ್‌ಫ್ಲುಯೆಂಜಾದ ವಿಷಾಣುವು ಈ ಒಳಮೈಯನ್ನೇ ಸುಲಿದುಬಿಡುವುದು. ನಮ್ಮ ಮೂಗು ಗಂಟಲುಗಳಲ್ಲಿ ಎಷ್ಟೋ ರೋಗಾಣುಗಳು ಯಾವ ತಂಟೆಯನ್ನೂ ಮಾಡದೆ ವಾಸಿಸಿಕೊಂಡಿರುವುವು. ಗುಡಿಸುವವರು ಇಲ್ಲದಂತಾದ ಮೇಲೆ ಅವು ಕೆಳಗಿಳಿದು ಪುಪ್ಪುಸವನ್ನು ಸೇರುವುವು. ಗೋದಾಮಿನ ಕಾವಲುಗಾರನು ಬಿದ್ದ ಮೇಲೆ ಹೆಗ್ಗಣಗಳು ನುಗ್ಗಿದ ಹಾಗೆ. ಗಾಳಿ ತುಂಬಬೇಕಾದ ಸಣ್ಣ ಸಣ್ಣ ಚೀಲಗಳಲ್ಲಿ ಕೀವು ನೀರುಗಳು ತುಂಬಿ, ಎಷ್ಟು ತೇಕಿದರೂ ಪ್ರಾಣವಾಯುವು ರಕ್ತಕ್ಕೆ ಮುಟ್ಟದು. ಇದೇ ಜ್ವರ ಬಿಟ್ಟು ತಿರುಗಿ ಬರುವ ನ್ಯುಮೋನಿಯಾ. ಅಜ್ಜಿಯು ಕದವೆಂದುದು ಇದನ್ನೇ ಎಂದು ನನಗೆ ಆ ರಾತ್ರಿ ಹೊಳೆಯಿತು.

ಇನ್ನೊಂದು ಬಗೆಯೂ ಉಂಟು. ಅದರಲ್ಲಿ ನಡುವೆ ಬಿಡುವೆಂಬುದೇ ಇಲ್ಲ. ಜ್ವರ ಬಂದ ಎರಡು ಮೂರು ದಿವಸಗಳೊಳಗೆ ವಿಷಾಣುವು ತಾನೇ ಪುಪ್ಪುಸಕ್ಕೆ ಇಳಿದು ಉಸಿರನ್ನು ಕಟ್ಟುವುದು. ಕೆಲವರಲ್ಲಿ ಎರಡೂ ಕೂಡಿರುವುವು. ಈ ಭೇದಗಳನ್ನು 1957ರ ವಿಶ್ವವ್ಯಾಪಿ ಜ್ವರದ ಕಾಲಕ್ಕೆ ವೈದ್ಯರು ಚೆನ್ನಾಗಿ ಗುರುತಿಸಿದರು. 1918ರಲ್ಲಿ ಅವರಿಗೆ ವಿಷಾಣುವೆಂಬುದೇ ಕಂಡಿರಲಿಲ್ಲ. ಬೇರೊಂದು ರೋಗಾಣುವನ್ನೇ ಕಾರಣವೆಂದು ಹಿಡಿದಿದ್ದರು. ಮನುಷ್ಯರ ಇನ್‌ಫ್ಲುಯೆಂಜಾದ ವಿಷಾಣುವನ್ನು ಲಂಡನ್ನಿನಲ್ಲಿ ಕಂಡುಹಿಡಿದುದು 1933ರಲ್ಲಿ. ಅಮೇರಿಕೆಯಲ್ಲಿ ಕಾದಿಟ್ಟಿದ್ದ 1918ರ 58 ಮಂದಿ ಮೃತರ ಪುಪ್ಪುಸದ ಚೂರುಗಳನ್ನು ಪರೀಕ್ಷಿಸಿದ ಪಂಡಿತರು 2008ರಲ್ಲಿ ಹೇಳಿದುದೇನೆಂದರೆ, ಆ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಮಂದಿಯನ್ನು ಕೊಂದುದು ಹಿಂದಿನಿಂದ ಬಂದ ರೋಗಾಣುಗಳ ನ್ಯುಮೋನಿಯಾ. ಪೆನಿಸಿಲಿನ್ ಆಗ ಇರಲಿಲ್ಲ. ಅಜ್ಜಿಯ ತಾಯಿಯನ್ನು ಯಾವ ದವಾಖಾನೆಗೆ ಒಯ್ದಿದ್ದರೂ ಆಗುತ್ತಿದ್ದುದು ಅಷ್ಟೇ. ನನ್ನ ತಮ್ಮನ ಕಾಲಕ್ಕೆ ಎಲ್ಲವೂ ಇತ್ತು. ಇದ್ದುದನ್ನು ಮುಟ್ಟಿಸಬೇಕಾದವನು ನಾನು.

ಎದುರಿನ ಕೋಣೆಯಲ್ಲಿ ಹಳ್ಳಿಯ ಕಡೆಯ ಒಬ್ಬ ಹುಡುಗಿಯಿದ್ದಳು; ಏಳು ತಿಂಗಳ ಬಸುರಿ. ಆ ವರ್ಷದ ಜ್ವರವು ಗರ್ಭಿಣಿಯರ ಮೇಲೆ ಬಹು ಕಠಿನವಾಗಿತ್ತು. ಅವಳ ಗಂಡನೂ ನಾನೂ ರಾತ್ರಿಯೆಲ್ಲ ಒಂದೇ ಬಾಕಿನ ಮೇಲೆ ಕುಳಿತು ಚಹ ಕುಡಿಯುತ್ತಿದ್ದೆವು. ಅವನು ಹೆಚ್ಚಾಗಿ ಮಾತನಾಡುತ್ತಿರಲಿಲ್ಲ. ಐದನೆಯ ರಾತ್ರಿ ಎರಡು ಚಹ ತಂದೆನು. ಬಾಕಿನ ಮೇಲೆ ಅವನಿರಲಿಲ್ಲ. ಎದುರಿನ ಕೋಣೆಯ ಬಾಗಿಲು ತೆರೆದಿತ್ತು, ನೆಲವನ್ನು ತೊಳೆಯುತ್ತಿದ್ದರು.

ನಮ್ಮ ತಾಯಿಗೆ ಆಗ ಎಪ್ಪತ್ತು ವರ್ಷ. ಮೊದಲಿನ ಆರು ದಿವಸ ಮಗನ ಹತ್ತಿರವೇ ಕುಳಿತು ಉಪಚರಿಸಿದವಳು ಅವಳು. ಅವಳಿಗೆ ಒಂದು ಸೀನೂ ಬರಲಿಲ್ಲ. ಇದನ್ನು ಹೇಳಿದಾಗ ವೈದ್ಯರು, ಆಶ್ಚರ್ಯವಲ್ಲವೆಂದರು. 1918ರ ವಿಷಾಣುವಿನ ಸಂತತಿಯು ಮನುಷ್ಯರಲ್ಲಿ 1957ರವರೆಗೆ ಸೌಮ್ಯವಾಗಿ ಓಡಾಡಿಕೊಂಡಿತ್ತು. ಅದರ ಇನ್ನೊಂದು ಕವಲು ಹಂದಿಗಳಲ್ಲಿ ಉಳಿದು, ಬೇರೆ ವಿಷಾಣುಗಳೊಡನೆ ಬೆರೆತು, 2009ರಲ್ಲಿ ತಿರುಗಿ ಮನುಷ್ಯರಿಗೆ ಬಂದಿತು. 1957ಕ್ಕಿಂತ ಮೊದಲು ಹುಟ್ಟಿದ ಹಲವರ ರಕ್ತವು ಈ ಹಗೆಯನ್ನು ಸ್ವಲ್ಪ ಮಟ್ಟಿಗೆ ಗುರುತು ಹಿಡಿಯುತ್ತಿತ್ತು. ಆದುದರಿಂದಲೇ ದವಾಖಾನೆಗಳು ಮುದುಕರಿಗಿಂತ ತರುಣರಿಂದ ತುಂಬಿದುವು. ಹಾಗಾದರೆ ನಮ್ಮ ಅಜ್ಜಿಯ ತಾಯಿಯನ್ನು ಒಯ್ದುದೂ, ಅವಳ ಮರಿಮಗನನ್ನು ಹಿಡಿದುದೂ ಒಂದೇ ವಂಶದ ಬೇನೆಯಾಯಿತು. ಇದನ್ನು ತಾಯಿಗೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರ ಅತ್ತಿ ಮಾತು ಕೇಳಬೇಕಿತ್ತಲ್ಲೋ” ಎಂದಳು. ಅತ್ತೆಯ ಮಾತನ್ನು ಕೇಳಬೇಕಿತ್ತೆಂದು ಅವಳು ಅಂದುದನ್ನು ನಾನು ಕೇಳಿದ್ದು ಅದೊಂದೇ ಸಲ.

ಏಳನೆಯ ದಿವಸ ನಳಿಗೆಯನ್ನು ತೆಗೆದರು. ಹತ್ತೊಂಬತ್ತನೆಯ ದಿವಸ ಮನೆಗೆ ಕಳುಹಿದರು. ಕಮಲಾಪುರದ ಸೋದರಮಾವನವರು ಕೆಂಪು ಬಾಳೆಯ ಗೊನೆಯನ್ನೇ ತಂದು ಮಂಚದ ಬಳಿ ತೂಗುಹಾಕಿದರು. ಚಿಕ್ಕಂದಿನಲ್ಲಿ ಒಂದೇ ಹೊತ್ತಿಗೆ ಐದು ಹಣ್ಣು ತಿನ್ನುತ್ತಿದ್ದ ಹುಡುಗನು ಅರ್ಧ ಹಣ್ಣನ್ನು ನುಂಗಲು ಕಾಲು ತಾಸು ತೆಗೆದುಕೊಂಡನು. ಮೆಟ್ಟಿಲು ಹತ್ತಲು ಅವನಿಗೆ ಯುಗಾದಿಯವರೆಗೆ ಆಗಲಿಲ್ಲ.

ನಾನು ವೈದ್ಯರನ್ನು ಕೇಳಿದೆನು: ಗುರುವಾರ ಗಂಜಿನ ಧೂಳಿಯಲ್ಲಿ ಕೂಡಿಸಿದುದರಿಂದಲೇ ಹೀಗಾಯಿತೇ? ಅದನ್ನು ಯಾರೂ ಹೇಳಲಾರರೆಂದರು. ಮನೆಯಲ್ಲಿ ಮಲಗಿದವರಿಗೂ ನ್ಯುಮೋನಿಯಾ ಬರುವುದುಂಟು. ಆದರೆ ಶನಿವಾರದ ವಿಷಯವನ್ನು ಕೇಳಿದಾಗ ಅವರು ನನ್ನ ಮುಖವನ್ನು ನೋಡದೆ, “ಬೇಗ ಬಂದಷ್ಟೂ ಚಲೋ ಇರ್ತಿತ್ತು” ಎಂದರು. ಮುಂದೆ ಒಂದು ವರದಿಯನ್ನು ನೋಡಿದೆನು. ಆ 2009ನೆಯ ಇಸವಿಯಲ್ಲಿಯೇ ಅಮೇರಿಕೆಯ ಆಸ್ಪತ್ರೆಗಳಿಗೆ ಈ ಜ್ವರದಿಂದ ಸೇರಿ, ಎದೆಯ ಚಿತ್ರ ತೆಗೆಸಿಕೊಂಡ 451 ಮಂದಿಯಲ್ಲಿ 195 ಮಂದಿಗೆ ನ್ಯುಮೋನಿಯಾ ಇದ್ದಿತು. ನ್ಯುಮೋನಿಯಾ ಇದ್ದವರಲ್ಲಿ ನೂರಕ್ಕೆ 17 ಮಂದಿ ತೀರಿಕೊಂಡರು. ಇಲ್ಲದವರಲ್ಲಿ 2 ಮಂದಿ. ಜ್ವರ ಹತ್ತಿದ ಎರಡು ದಿವಸಗಳೊಳಗೆ ವಿಷಾಣುವಿನ ಔಷಧವು ದೊರೆತಿದ್ದುದು ನ್ಯುಮೋನಿಯಾ ಇಲ್ಲದವರಲ್ಲಿ ನೂರಕ್ಕೆ 50 ಮಂದಿಗೆ. ಇದ್ದವರಲ್ಲಿ 28 ಮಂದಿಗೆ ಮಾತ್ರ. ನನ್ನ ತಮ್ಮನಿಗೆ ಅದು ದೊರೆತುದು ಏಳನೆಯ ದಿವಸ.

ಆ ವರ್ಷದಿಂದ ಅಜ್ಜಿಯ ಕಟ್ಟುಪಾಡು ನಮ್ಮ ಮನೆಗೆ ತಿರುಗಿ ಬಂದಿತು. ಏಳು ದಿನವೆಂಬುದು ವೈದ್ಯಶಾಸ್ತ್ರದ ಲೆಕ್ಕವಲ್ಲ, ಅಜ್ಜಿಯ ಲೆಕ್ಕ. ಮನೆಯಲ್ಲಿ ಕುಳಿತರೆ ನ್ಯುಮೋನಿಯಾ ಬಾರದೆಂದೂ ಅಲ್ಲ. ಬಂದರೆ ಯಾರಾದರೊಬ್ಬರ ಕಣ್ಣಿಗೆ ಬೀಳುವುದು. ಇಳಿದ ಜ್ವರ ತಿರುಗಿ ಏರುವುದು, ಪಕ್ಕೆಯ ನೋವು, ತುಟಿ ಉಗುರುಗಳು ನೀಲಿಯಾಗುವುದು, ಮಾತು ತೊದಲಿ ಮಂಪರು ಹತ್ತುವುದು, ಇವುಗಳಲ್ಲಿ ಒಂದು ಕಂಡರೂ ನಾವು ಅಂದೇ, ಅದೇ ತಾಸಿನಲ್ಲಿ ಹೊರಡುವೆವು. ದೊಡ್ಡವರ ಉಸಿರು ನಿಮಿಷಕ್ಕೆ 30 ಮುಟ್ಟುವವರೆಗಂತೂ ಕಾಯುವುದಿಲ್ಲ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ 40, ಎರಡು ತಿಂಗಳು ತುಂಬಿ ವರ್ಷ ತುಂಬದ ಕೂಸುಗಳಲ್ಲಿ 50 ಆದರೆ ಅದು ಬರಿಯ ನೆಗಡಿಯಲ್ಲವೆಂದು ನನ್ನ ಸೊಸೆಯೂ ಎಣಿಸಲು ಕಲಿತಿರುವಳು. ಬೆರಳಿನ ಯಂತ್ರವೊಂದನ್ನು 2010ರಲ್ಲಿಯೇ ಕೊಂಡೆನು. ಆಗ ಅದನ್ನು ಕಂಡು ನಕ್ಕವರು, 2020ರ ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ದೇಶದ ಮೊದಲನೆಯ ಸಾವು ನಮ್ಮ ಕಲಬುರಗಿಯವರದೇ ಆದ ಮೇಲೆ, ಸಾಲಾಗಿ ಬಂದು ಬೆರಳು ಒಡ್ಡಿದರು. ಅದು ಬೇರೆ ವಿಷಾಣು. ಕಟ್ಟುವುದು ಮಾತ್ರ ಅದೇ ಉಸಿರನ್ನು. ಇನ್‌ಫ್ಲುಯೆಂಜಾದ ಲಸಿಕೆಯನ್ನು ನಾವೆಲ್ಲರೂ ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳುವೆವು. 2009ರ ಆ ವಿಷಾಣುವು ಎಲ್ಲಿಗೂ ಹೋಗಿಲ್ಲ, ವರ್ಷ ವರ್ಷದ ಜ್ವರಗಳಲ್ಲಿ ಒಂದಾಗಿ ನಮ್ಮ ನಡುವೆಯೇ ಇರುವುದು.

ಅಂಗಡಿಯಲ್ಲಿ ಹಮಾಲನೊಬ್ಬನು ಜ್ವರದಿಂದೆದ್ದು ಬಂದರೆ ಕೂಲಿ ಕೊಟ್ಟು ಮನೆಗೆ ಕಳುಹುವೆನು. ಇದರಿಂದ ಕೆಲವರು ಇಲ್ಲದ ಜ್ವರವನ್ನು ತಂದುಕೊಳ್ಳುವರೆಂದು ಪಕ್ಕದ ಅಂಗಡಿಯವರು ಹೇಳುವರು. ಇರಬಹುದು.

ತಮ್ಮನು ಗಂಜಿಗೆ ಮತ್ತೆ ಬರಲಿಲ್ಲ. ಧೂಳಿ ತಗಲಿದರೆ ಈಗಲೂ ಅವನಿಗೆ ಉಸಿರು ಹಿಡಿಯುವುದು. ಮನೆಯ ಹತ್ತಿರ ಕಾಗದ ಪುಸ್ತಕಗಳ ಸಣ್ಣದೊಂದು ಅಂಗಡಿಯನ್ನು ಹಾಕಿಕೊಂಡಿರುವನು. ಆ ಗುರುವಾರದ ಫೋನಿನ ಮಾತನ್ನಾಗಲಿ, ಆ ಶನಿವಾರದ ಎರಡು ಲಾರಿಗಳ ಮಾತನ್ನಾಗಲಿ ಅವನು ಇದುವರೆಗೆ ಎತ್ತಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವರ್ಷದ ಕಿರ್ದಿಯನ್ನು ನಾನು ರದ್ದಿಗೆ ಹಾಕದೆ ಇಟ್ಟುಕೊಂಡಿರುವೆನು. ಡಿಸೆಂಬರದ ಆ ವಾರದಲ್ಲಿ ಸೋಮವಾರ, ಮಂಗಳವಾರ, ಬುಧವಾರಗಳ ಪುಟಗಳಲ್ಲಿ ನನ್ನ ಒಡ್ಡೊಡ್ಡಾದ ಅಕ್ಷರಗಳು. ಗುರುವಾರದ ಪುಟಗಳು ಅವನವು. ಮೊದಲಿನ ಪುಟದಲ್ಲಿ ಮುತ್ತುಗಳು ಮುತ್ತುಗಳಾಗಿಯೇ ಇವೆ. ಮೂರನೆಯದರಲ್ಲಿ ಸಾಲುಗಳು ಸ್ವಲ್ಪ ಬಲಕ್ಕೆ ಇಳಿದಿವೆ. ಕೊನೆಯ ಪುಟದಲ್ಲಿ ಅಂಕಿಗಳು ಒಂದರ ಮೇಲೊಂದು ಬಿದ್ದಿವೆ. ಅಂದು ರಾತ್ರಿ ಒಂಬತ್ತಕ್ಕೆ ಆ ಪುಟದ ಕೆಳಗೆ ಬೇರೀಜು ಸರಿಯಿದೆಯೆಂದು ರುಜು ಹಾಕಿದವನು ನಾನು.